ಒಂದೇ ಅಡಿ

ಬೆಳಗ್ಗೆ ಹಿತ್ತಿಲಿಗೆ ಹೋದ ದರ್ಜಿ ಜೇನುಪೆಟ್ಟಿಗೆಯ ತಳದ ಹಲಗೆಯನ್ನು ಸುಮ್ಮನೆ ಮುಟ್ಟಿ ನೋಡಿದ. ಬೆರಳು ನೆನೆದ ಬಿಸ್ಕತ್ತಿನೊಳಗೆ ಹೋದ ಹಾಗೆ ಒಳಗೆ ಹೋಯಿತು. ತಳವೆಲ್ಲ ಗೆದ್ದಲು ತಿಂದು, ಇರುವೆಗಳು ಸಾಲುಗಟ್ಟಿ ಹತ್ತುತ್ತಿದ್ದವು. ಸಂಜೆಯೊಳಗೆ ಹೊಸ ತಳ ಸಿಗದಿದ್ದರೆ ಜೇನು ಎದ್ದು ಹೋಗುವುದು ಖಂಡಿತ.

ಅಪ್ಪನ ಕಾಲದ ಜೇನು ಅದು. ಅಪ್ಪ ಹಿತ್ತಿಲ ಬಾಗಿಲಲ್ಲೇ ಕೂತು ಹೊಲಿಯುತ್ತಿದ್ದ. ಯಂತ್ರದ ಸದ್ದು ಯಾವುದು, ಜೇನಿನ ಸದ್ದು ಯಾವುದು ಎಂದು ಒಮ್ಮೊಮ್ಮೆ ತಿಳಿಯುತ್ತಿರಲಿಲ್ಲ. "ಅವೂ ನಮ್ಮ ಹಾಗೆ ದುಡಿಯೋ ಜೀವ ಕಣೋ, ಎಬ್ಬಿಸಬೇಡ" ಎನ್ನುತ್ತಿದ್ದ. ಅಪ್ಪ ಹೋದ ಮೇಲೂ ಆ ಸದ್ದೊಂದು ಉಳಿದಿದ್ದರಿಂದ ದರ್ಜಿಗೆ ಮನೆ ಖಾಲಿ ಅನ್ನಿಸಿರಲಿಲ್ಲ.

"ಪೆಟ್ಟಿಗೆಗೆ ಅಡಿ ಮಾಡ್ಬೇಕು," ಎಂದ, ಬೇಲಿಯಾಚೆ ನಿಂತಿದ್ದ ಅಂಚೆಯಣ್ಣನಿಗೆ. ಅಂಚೆಯಣ್ಣ ನಿವೃತ್ತನಾದ ಮೇಲೆ ಕಾಗದದ ಬದಲು ಸಲಹೆ ಹಂಚುತ್ತಿದ್ದ.

"ಎಷ್ಟಡಿ?"

"ಎಷ್ಟಡಿ ಅಂದ್ರೇನು? ಒಂದೇ ಅಡಿ!"

"ಒಂದಡಿ ಸಾಲುತ್ತೇನಯ್ಯಾ? ಪೆಟ್ಟಿಗೆ ದೊಡ್ಡದಾಗಿ ಕಾಣುತ್ತಲ್ಲ."

"ಅಳತೆಯ ಅಡಿ ಅಲ್ಲಯ್ಯಾ, ತಳದ ಅಡಿ!"

ಮನೆಯಲ್ಲಿದ್ದದ್ದು ಒಂದೇ ಹಲಗೆ, ಅಪ್ಪ ಬಟ್ಟೆ ಕತ್ತರಿಸುತ್ತಿದ್ದದ್ದು. ದರ್ಜಿ ಅದರ ಮೇಲಿದ್ದ ಹೊಲಿಗೆ ಯಂತ್ರವನ್ನು ಮಂಚಕ್ಕೆ ಸಾಗಿಸಿದ. ಯಂತ್ರದ ಉದ್ದನೆಯ ಮರದ ಮುಚ್ಚಳವನ್ನು ಹೊರಗೆ ಗಿಡದ ನೆರಳಲ್ಲಿ ಎರಡು ಇಟ್ಟಿಗೆಗಳ ಮೇಲೆ ಕೂರಿಸಿದ.

"ರೀ, ಅದನ್ನ ಅಲ್ಯಾಕೆ ಇಡ್ತೀರಿ?" ಎಂದಳು ಹೆಂಡತಿ.

"ಇರಲಿ ಬಿಡೇ. ಯಾರು ಬಂದು ಸೇರ್ಕೊಳ್ತಾರೆ ಅದರೊಳಗೆ?"

ಹಲಗೆಯ ಬಿರುಕುಗಳಲ್ಲಿ ಇನ್ನೂ ಅಪ್ಪನ ಸೀಮೆಸುಣ್ಣದ ಪುಡಿಯಿತ್ತು. ದರ್ಜಿ ಒಮ್ಮೆ ಅಂಗೈಯಾಡಿಸಿ, "ನಿನ್ನ ಜೇನಿಗೇ ತಾನೇ" ಎಂದು ಗೊಣಗಿ ಗರಗಸ ತಂದ.

ಅಳತೆಯ ಟೇಪೂ ಅಪ್ಪನದೇ. ಅದಕ್ಕೆ ಮೊದಲ ಅಂಗುಲ ಇರಲಿಲ್ಲ. ಹಲ್ಲು ಮೂಡುವ ವಯಸ್ಸಿನಲ್ಲಿ ದರ್ಜಿಯೇ ಅದನ್ನು ಅಗಿದು ಹಾಕಿದ್ದ. ಅಪ್ಪ ಬೈಯಲೂ ಇಲ್ಲ, ಹೊಸದು ತರಲೂ ಇಲ್ಲ. "ಒಂದು ಕಳೆದು ಹೇಳಿದರಾಯ್ತು" ಎಂದು ನಕ್ಕು, ಅದರಲ್ಲೇ ಬೀದಿಗೆಲ್ಲ ಬಟ್ಟೆ ಹೊಲಿದ. ಹಾಗಾಗಿ ಈ ಗುಟ್ಟು ಬೀದಿಗೆಲ್ಲ ಗೊತ್ತಿತ್ತು. ಎಡವಟ್ಟಾದದ್ದು ಅಲ್ಲೇ.

ಪೆಟ್ಟಿಗೆ ಚೌಕ, ಒಂದು ಬದಿ ಅಳೆದರೆ ಸಾಕು. ದರ್ಜಿ ಹೊದಿಕೆ ಹೊದ್ದು ಟೇಪು ಹಿಡಿದ. ಹಿಡಿದ ಕೂಡಲೇ ಒಂದು ಜೇನು ಮೂಗಿಗೆ ಮುದ್ರೆಯೊತ್ತಿತು. ಟೇಪು ಹದಿನೈದು ತೋರಿಸುತ್ತಿತ್ತು. ದೂರದಿಂದಲೇ ಕತ್ತು ಚಾಚಿ ಓದಿದ ಅಂಚೆಯಣ್ಣ ಒಂದು ಕಳೆದು, "ಹದಿನಾಲ್ಕು!" ಎಂದು ಕೂಗಿದ. ಕಿಟಕಿಯಲ್ಲಿದ್ದ ಹೆಂಡತಿ ಒಂದು ಕಳೆದು ಗೋಡೆಯ ಮೇಲೆ ಹದಿಮೂರು ಎಂದು ಬರೆದಳು. ಊದಿದ ಮೂಗು ಹೊತ್ತು ಬಂದ ದರ್ಜಿ, ನಲವತ್ತು ವರ್ಷದ ಅಭ್ಯಾಸಬಲದಿಂದ ಒಂದು ಕಳೆದು, ಮರದ ಗಜಕಡ್ಡಿಯಲ್ಲಿ ಹನ್ನೆರಡಕ್ಕೆ ಗೆರೆ ಎಳೆದು ಕುಯ್ದೇಬಿಟ್ಟ.

ಪೆಟ್ಟಿಗೆಯ ಪಕ್ಕ ಹಿಡಿದು ನೋಡಿದರೆ, ದೊಡ್ಡವರ ತಲೆಗೆ ಕೂಸಿನ ಟೊಪ್ಪಿ!

"ನಾನು ಕಳೆದೇ ಹೇಳಿದ್ದು!"

"ನಾನೂ ಕಳೆದೇ ಬರೆದಿದ್ದು!"

"ಮತ್ತೆ ನಾನೇನು ಕೂಡಿಸ್ತೀನಾ?"

ಅಂಚೆಯಣ್ಣ ಗಜಕಡ್ಡಿ ಇಟ್ಟು ನೋಡಿದ. "ಬೆಳಗ್ಗೆ ನೀನೇ ಅಂದ್ಯಲ್ಲಯ್ಯಾ, ಒಂದೇ ಅಡಿ ಅಂತ. ನೋಡು, ಸರಿಯಾಗಿ ಒಂದಡಿ!"

ಹೆಂಡತಿಯೇ ದಾರಿ ತೋರಿಸಿದಳು. "ಲಂಗ ಗಿಡ್ಡ ಆದ್ರೆ ಏನ್ಮಾಡ್ತೀರಿ?"

"ಪಟ್ಟಿ ಕೊಡ್ತೀನಿ."

"ಇದಕ್ಕೂ ಕೊಡಿ."

ಉಳಿದ ಹಲಗೆಯನ್ನೆಲ್ಲ ಸೀಳಿ, ಪೆಟ್ಟಿಗೆಯ ಪಕ್ಕದಲ್ಲೇ ಕೂತು ಸುತ್ತಲೂ ಪಟ್ಟಿ ಬಡಿದ. ಮಧ್ಯಾಹ್ನವೆಲ್ಲ ಸುತ್ತಿಗೆಯ ಸದ್ದು. ಸಂಜೆ ಅಂಚೆಯಣ್ಣ ಉಸಿರು ಬಿಗಿಹಿಡಿದು ಪೆಟ್ಟಿಗೆ ಎತ್ತಿದ, ದರ್ಜಿ ತಳ ಸರಿಸಿದ. ಅಳತೆಯ ಅಂಗಿಯಂತೆ ಕೂತಿತು!

ದರ್ಜಿ ಕಿವಿಯಿಟ್ಟ. ಸದ್ದಿಲ್ಲ. ಮೇಲಿನ ಮುಚ್ಚಳ ತೆಗೆದ. ಒಂದು ಜೇನೂ ಇಲ್ಲ.

"ಎಬ್ಬಿಸಬೇಡ ಅಂದಿದ್ರು ಅಪ್ಪ..." ಎಂದು ಅಲ್ಲೇ ಕುಸಿದು ಕೂತ.

ಆಗ ಕೇಳಿಸಿತು, ಯಂತ್ರ ಓಡುವ ಸದ್ದು. ಅಪ್ಪ ಬಂದು ಕೂತನೇ ಎಂದು ದರ್ಜಿ ದಡಕ್ಕನೆ ಎದ್ದ. ಸದ್ದು ಮಾತ್ರ ಒಳಗಿನಿಂದಲ್ಲ, ಗಿಡದ ನೆರಳಿನಿಂದ. ಬಗ್ಗಿ ನೋಡಿದರೆ, ಯಂತ್ರದ ಮುಚ್ಚಳದೊಳಗೆ ಜೇನೆಲ್ಲ ಗೊಂಚಲುಗಟ್ಟಿ ನೇತಾಡುತ್ತಿವೆ!

"ಹೋಗಿಲ್ಲ ಕಣೇ! ಇಲ್ಲೇ ಇದಾವೆ!" ಮೂಗಿನ ಜೊತೆ ಮುಖವೂ ಅರಳಿತು.

ಹೆಂಡತಿಯೂ ಬಗ್ಗಿ ನೋಡಿದಳು. ಕೆಳಗಿನ ಇಟ್ಟಿಗೆಗಳ ಮೇಲೆ ಆಗಲೇ ಇರುವೆಗಳು ಸಾಲುಗಟ್ಟಿದ್ದವು.

"ರೀ, ಇದಕ್ಕೂ ಅಡಿ ಇಲ್ವಲ್ರೀ."

ದರ್ಜಿ ಚೌಕದ ತಳವನ್ನೂ ಉದ್ದನೆಯ ಮುಚ್ಚಳವನ್ನೂ ನೋಡಿದ. ಮನೆಯಲ್ಲಿ ಇನ್ನು ಹಲಗೆ ಎಂಬುದೇ ಇರಲಿಲ್ಲ. ಅಂಚೆಯಣ್ಣನಾದರೋ ಆಗಲೇ ಟೇಪು ಬಿಚ್ಚಿ ನಿಂತಿದ್ದ.

"ಈ ಸಲ ಕಳೆಯೋದು ಯಾರು, ಮೊದಲೇ ಹೇಳ್ಬಿಡಿ."