ಇಪ್ಪತ್ನಾಲ್ಕರಲ್ಲೊಂದು ಕಾರು

ದಕ್ಷಿಣಾಮೂರ್ತಿಯವರ ಮನೆಯಲ್ಲಿ ಹದಿನೇಳು ಕಾರುಗಳಿದ್ದವು. ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಇದರಲ್ಲಿ ನಗುವಂಥದ್ದೇನೂ ಇಲ್ಲವೆಂದು ಅವರ ವಾದ. ಬೇಲೂರಿನಲ್ಲಿ ಆನೆ ಕೆತ್ತಿದವನು ಮಾವುತನಾಗಿದ್ದನೇ ಎಂದು ಕೇಳುತ್ತಿದ್ದರು. ಹದಿನೇಳೂ ಅಂಗೈ ಮೇಲೆ ನಿಲ್ಲುವಂಥವು. ನಿಜವಾದ ಕಾರಿನ ಉದ್ದ, ಅಗಲ, ಎತ್ತರಗಳನ್ನು ಇಪ್ಪತ್ನಾಲ್ಕರಿಂದ ಭಾಗಿಸಿ, ತೆಳು ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿ, ಬಾಗಿಲ ಹಿಡಿಯಿಂದ ವೈಪರ್ ಕಡ್ಡಿಯವರೆಗೆ ಎಲ್ಲವನ್ನೂ ಕೈಯಾರೆ ಮಾಡಿದವು. ಅವುಗಳನ್ನು ಆಟಿಕೆ ಎಂದವರ ಜೊತೆ ಆ ಮನೆಯಲ್ಲಿ ಮಾತು ಕಾಫಿಯ ತನಕ ಹೋಗುತ್ತಿರಲಿಲ್ಲ. (ಹೆಂಡತಿ ಸರಳಾ ಅವರೊಬ್ಬರನ್ನು ಬಿಟ್ಟು. ಕಾಫಿ ಮಾಡುವವರೇ ಅವರಾದ್ದರಿಂದ ಅವರು ಏನು ಬೇಕಾದರೂ ಅನ್ನಬಹುದಾಗಿತ್ತು.)

ಹದಿನೆಂಟನೆಯದು, ಅಂದರೆ ನಿಜವಾಗಿ ಓಡುವುದು, ದೆಹಲಿಯ ದ್ವಾರಕಾ ಬಡಾವಣೆಯ ಅವರ ಸೊಸೈಟಿಯ ಕೆಳಗೆ ನಿಂತಿರುತ್ತಿತ್ತು. ಬೂದು ಬಣ್ಣದ ಪುಟ್ಟ ಕಾರು. ಅದು ಸರಳಾ ಅವರದು. ಮಗಳು ಹರಿಣಿ ಚಿಕ್ಕವಳಿದ್ದಾಗ ಅವಳನ್ನು ಶಾಲೆಗೆ ಬಿಡಲೆಂದು ಗಂಡ ಹೆಂಡತಿ ಒಟ್ಟಿಗೇ ಡ್ರೈವಿಂಗ್ ಕಲಿಯಲು ಹೋಗಿದ್ದರು. ಕಲಿಸುವವನು ಕೆಲವು ದಿನ ನೋಡಿ, ಬಹಳ ವಿನಯದಿಂದ, "ಸಾಹೇಬರಿಗೆ ಸರ್ಕಾರ ಗಾಡಿ ಕೊಡುವುದಿಲ್ಲವೇ?" ಎಂದು ಕೇಳಿದ. (ಅಧೀನ ಕಾರ್ಯದರ್ಶಿಗೆ ಸರ್ಕಾರ ಗಾಡಿ ಕೊಡುವುದಿಲ್ಲ. ಆ ಪ್ರಶ್ನೆ ಎರಡು ಕಡೆ ಚುಚ್ಚಿತು.) ಅಂದಿನಿಂದ ಮೂರ್ತಿಯವರು ಎಡಗಡೆಯ ಸೀಟಿನಲ್ಲಿ ಹೆಂಡತಿಯ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂರುವವರಾದರು. ಕೂತು ಸುಮ್ಮನಿರುತ್ತಿರಲಿಲ್ಲ. ಮುಂದೆ ಬಸ್ಸು ಕಂಡರೆ, ಇ-ರಿಕ್ಷಾ ಅಡ್ಡ ಬಂದರೆ, ಅವರ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ಒತ್ತುತ್ತಿತ್ತು. ಒತ್ತಿ ಒತ್ತಿ ಆ ಜಾಗದಲ್ಲಿ ರಬ್ಬರ್ ಮ್ಯಾಟು ತೂತಾಗಿತ್ತು.

ಆ ಕಾರು ಮನೆಗೆ ಬಂದ ರೀತಿಯನ್ನೂ ಹೇಳಬೇಕು. ಪಿತೃಪಕ್ಷದಲ್ಲಿ ದೆಹಲಿಯ ಜನ ಒಂದು ಚಮಚವನ್ನೂ ಹೊಸದಾಗಿ ಕೊಳ್ಳುವುದಿಲ್ಲ. ಹಾಗಾಗಿ ಆ ಹದಿನೈದು ದಿನ ಕಾರಿನ ಶೋರೂಮಿನವರು ನೊಣ ಹೊಡೆಯುತ್ತಾ ರಿಯಾಯಿತಿ ಘೋಷಿಸುತ್ತಾರೆ. ಮೂರ್ತಿಯವರಿಗೆ ರಿಯಾಯಿತಿಯ ಆಸೆಯೂ ಇತ್ತು, ಪಿತೃಗಳ ಭಯವೂ ಇತ್ತು. ಎರಡನ್ನೂ ಕಡತದಲ್ಲಿಟ್ಟು ತೂಗಿದವರಂತೆ ಒಂದು ತೀರ್ಮಾನಕ್ಕೆ ಬಂದರು. ಪಿತೃಪಕ್ಷದಲ್ಲಿ ಕೊಳ್ಳುವುದು, ಆದರೆ ವಿಜಯದಶಮಿಯವರೆಗೆ ಶೋರೂಮಿನಲ್ಲೇ ಬಿಟ್ಟಿರುವುದು. ಹಾಗೇ ಆಯಿತು. ವಿಜಯದಶಮಿಯ ದಿನ ಹಾರ ಹಾಕಿ, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣಿಟ್ಟು, ಸರಳಾ ಅವರೇ ಓಡಿಸಿಕೊಂಡು ಬಂದರು. ಅಂದಿನಿಂದ ವಿಜಯದಶಮಿಯೇ ಕಾರಿನ ಹುಟ್ಟುಹಬ್ಬ. ಪ್ರತಿ ವರ್ಷ ಹಿಂದಿನ ದಿನದ ಆಯುಧಪೂಜೆಯಿಂದಲೇ ಅದರ ಹೆಸರಿನಲ್ಲಿ ಶಾವಿಗೆ ಪಾಯಸ.

ಈ ದಸರೆಗೆ ಕಾರಿಗೆ ಹದಿನೈದು ತುಂಬುವುದಿತ್ತು. ದೆಹಲಿಯಲ್ಲಿ ಪೆಟ್ರೋಲ್ ಕಾರಿಗೆ ಹದಿನೈದು ಎಂದರೆ ಮನುಷ್ಯರಿಗೆ ನೂರಿದ್ದ ಹಾಗೆ, ಆಮೇಲೆ ರಸ್ತೆಗಿಳಿಸುವಂತಿಲ್ಲ. ಅಷ್ಟರೊಳಗೆ ಬೇರೆ ರಾಜ್ಯಕ್ಕೆ ಒಯ್ಯಲು ಸಾರಿಗೆ ಇಲಾಖೆಯ ನಿರಾಕ್ಷೇಪಣಾ ಪತ್ರ ಪಡೆದು ಅದನ್ನು ಮೈಸೂರಿನ ತಂಗಿ ವಸಂತಿಗೆ ಕಳಿಸಬೇಕೆಂದು ಸರಳಾ ಆಸೆಪಟ್ಟಿದ್ದರು. ಐವತ್ತು ದಾಟಿದ ಮೇಲೆ ವಸಂತಿ ಡ್ರೈವಿಂಗ್ ಕಲಿತಿದ್ದಳು. ಅಕ್ಕನ ಕಾರೇ ಬೇಕೆಂದು ಕಾದಿದ್ದಳು. ತಾನು ಸಾಕಿದ್ದು ಗುಜರಿಗೆ ಹೋಗದೆ ತವರಿಗೆ ಹೋಗುತ್ತದೆ ಎಂಬುದು ಸರಳಾ ಅವರಿಗೆ ಸಣ್ಣ ಸಮಾಧಾನವಲ್ಲ.

ಪತ್ರದ ಕೆಲಸವನ್ನು ಮೂರ್ತಿಯವರು ತಾವೇ ವಹಿಸಿಕೊಂಡರು. ಮೂವತ್ತು ವರ್ಷ ಊರಿಗೆಲ್ಲ ನಿರಾಕ್ಷೇಪಣಾ ಪತ್ರ ಕೊಟ್ಟವನಿಗೆ ಒಂದನ್ನು ತರುವುದು ಯಾವ ಮಹಾ ಎಂದರು. ಆದರೆ ತರಲಿಲ್ಲ. ಕಾರಣ, ದಸರೆ ಮುಗಿದ ಕೂಡಲೇ ಮಂಡಿ ಹೌಸ್ ಹತ್ತಿರದ ಸಭಾಂಗಣದಲ್ಲಿ ಮಾದರಿ ಕಾರುಗಳ ಪ್ರದರ್ಶನವಿತ್ತು. ಅದರ ಸ್ಪರ್ಧೆಗೆ ಅವರು ಇದೇ ಬೂದು ಕಾರನ್ನು ಮಾಡುತ್ತಿದ್ದರು. ಮಾಡಿ ಮುಗಿಯುವ ತನಕ ಮೂಲಪ್ರತಿ ಕೆಳಗೆ ಇರಲೇಬೇಕು.

ಆ ವರ್ಷ ಊಟದ ಮೇಜು ಊಟ ಕಂಡಿರಲಿಲ್ಲ. ಅದರ ಮೇಲೆ ಚಿಮಟ, ಭೂತಗನ್ನಡಿ, ಅಂಟು, ಬಣ್ಣದ ಡಬ್ಬಿ. ಮನೆಯವರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದರು. ಬಣ್ಣದ ಮೇಲೆ ದೆಹಲಿಯ ಧೂಳು ಕೂರದಿರಲೆಂದು ಇಡ್ಲಿ ಪಾತ್ರೆಯ ಮುಚ್ಚಳ ಕಾರಿನ ಮೇಲೆ ಕವುಚಿರುತ್ತಿತ್ತು. ಇಡ್ಲಿಯ ಮೇಲೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಒರಳುಗುಂಡು ಇಡುತ್ತಿದ್ದರು. ಹರಿಣಿಯ ಕೆಂಪು ಉಗುರುಬಣ್ಣ ಹಿಂದಿನ ದೀಪಗಳಿಗೆ ಹೋಯಿತು. ಅವಳು ಮಾನೇಸರ್‌ನಲ್ಲಿ ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಇಂಜಿನಿಯರು. "ಅಪ್ಪಾ, ಹಮಾರೇ ಯಹಾಂ, ಫ್ಯಾಕ್ಟರಿಯಲ್ಲಿ, ನಾನು ಒಂದು ಚಾಯ್ ಕುಡಿಯೋದ್ರಲ್ಲಿ ನೂರು ಬಾಗಿಲು ಹೊರಗೆ ಬರುತ್ತೆ. ನಿಮ್ಮದು ಒಂದು ಬಾಗಿಲಿಗೆ ಒಂದು ತಿಂಗಳು" ಎಂದಳು. ಅವಸರದಲ್ಲಿ ಮಾಡಿದ್ದಕ್ಕೆ ಆಯಸ್ಸು ಇರುವುದಿಲ್ಲ ಎಂದು ಮೂರ್ತಿಯವರು ಉತ್ತರಿಸಿದರು.

ಬೆಳಿಗ್ಗೆ ಎದ್ದರೆ ಅಳತೆಪಟ್ಟಿ ಹಿಡಿದು ಕೆಳಗೆ ಹೋಗುವರು. ಕಾರಿನ ಸುತ್ತ ಮಂಡಿಯೂರಿ, ಬಾಗಿ, ಮಲಗಿ ಅಳೆಯುವರು. ಎದುರು ಬ್ಲಾಕಿನ ಕರ್ನಲ್ ಬೋಪಯ್ಯನವರು ವಾಕಿಂಗ್ ನಿಲ್ಲಿಸಿ ಒಂದು ದಿನ ನೋಡಿದರು. "ಮೂರ್ತಿ, ಇದಕ್ಕೆ ಬ್ಲೌಸ್ ಹೊಲಿಸ್ತಾ ಇದ್ದೀರಾ?" ಎಂದು ಕೇಳಿ ನಡೆದರು. ಮೂರ್ತಿಯವರು ಹಿಂಜರಿಯಲಿಲ್ಲ. ಒಳಗಿನ ಅಳತೆಗೆ ಡ್ರೈವರ್ ಸೀಟು ಅಡ್ಡ ಬಂದಾಗ ಅದನ್ನು ಪೂರ್ತಿ ಹಿಂದಕ್ಕೆ ತಳ್ಳಿದರು. ಅದರ ಮೇಲೇನೋ ಇತ್ತು, ತೆಗೆದು ಹಿಂದಿನ ಸೀಟಿಗೆಸೆದರು. ತಾವು ಕೂರುವ ಕಡೆಯ ಮ್ಯಾಟಿನ ತೂತನ್ನು ಎರಡು ಸಲ ಅಳೆದರು.

ಪತ್ರದ ಮಾತು ಬಂದಾಗಲೆಲ್ಲ ಅವರದು ಒಂದೇ ಉತ್ತರ. ವಿಜಯದಶಮಿಗೆ ತಾನೇ ಹದಿನೈದು ತುಂಬುವುದು, ಇನ್ನೂ ಸಮಯವಿದೆ.

ನವರಾತ್ರಿ ಶುರುವಾಗಿ ಎರಡು ಮೂರು ದಿನಕ್ಕೆ ಸೇವಂತಿಗೆ, ಬಾಳೆಎಲೆ ತರಲೆಂದು ಐಎನ್‌ಎ ಮಾರುಕಟ್ಟೆಗೆ ಹೋಗಿ ಇಬ್ಬರೂ ವಾಪಸಾಗುತ್ತಿದ್ದರು. ದಾರಿಯಲ್ಲಿ ತಪಾಸಣೆ ನಡೆಯುತ್ತಿತ್ತು. ಮೂರ್ತಿಯವರು ಬ್ರೇಕು ಒತ್ತಿದರು, ಸರಳಾ ಕೂಡ ಒತ್ತಿದರು. ಎಳೆಯ ವಯಸ್ಸಿನ ಇನ್‌ಸ್ಪೆಕ್ಟರ್ ನಂಬರನ್ನು ಮೊಬೈಲಿಗೆ ಹಾಕಿ ನೋಡಿ, ಆಂಟಿಜೀ, ಈ ಗಾಡಿಯ ಅವಧಿ ಮುಗಿದಿದೆ, ಇಳಿಯಬೇಕು ಎಂದ.

ಮೂರ್ತಿಯವರು ಕೈಚೀಲ ಸಮೇತ ಇಳಿದು, ಸಚಿವಾಲಯದ ಹಿಂದಿಯಲ್ಲಿ, ವಿಜಯದಶಮಿಯವರೆಗೆ ಅವಧಿಯಿದೆ ಎಂದು ತಿಳಿಯಪಡಿಸಿದರು. ಇನ್‌ಸ್ಪೆಕ್ಟರ್ ಮೊಬೈಲನ್ನು ಅವರ ಕಡೆ ತಿರುಗಿಸಿದ. ನೋಂದಣಿಯ ತಾರೀಖು ಅಲ್ಲಿತ್ತು. ಮೂರ್ತಿಯವರು ಕನ್ನಡಕ ಸರಿಮಾಡಿಕೊಂಡು ಓದಿದರು.

"ಇದು ಪಿತೃಪಕ್ಷದ ತಾರೀಖು," ಎಂದರು. "ಆಗ ನಾವು ಕಾರನ್ನು ಮನೆಗೇ ತಂದಿರಲಿಲ್ಲ."

"ಅಂಕಲ್‌ಜೀ," ಎಂದ ಅವನು, ಅಷ್ಟೇ ಮರ್ಯಾದೆಯಿಂದ, "ಮಗು ಹುಟ್ಟೋದು ಆಸ್ಪತ್ರೆಯಲ್ಲಿ. ಮನೆಗೆ ಕರ್ಕೊಂಡು ಬಂದ ದಿನದಿಂದ ವಯಸ್ಸು ಎಣಿಸ್ತೀರಾ?"

ಜೀವಮಾನವಿಡೀ ತಾರೀಖುಗಳ ಮೇಲೆ ಬದುಕಿದ ಅಧಿಕಾರಿ ಆ ತಾರೀಖನ್ನು ಇನ್ನೊಮ್ಮೆ ಓದಿ ಕನ್ನಡಕ ತೆಗೆದರು. ಪಿತೃಗಳ ಕಣ್ಣು ತಪ್ಪಿಸಿದ್ದೇನೋ ಆಗಿತ್ತು. ಸಾರಿಗೆ ಇಲಾಖೆ ಆ ದಿನವೇ ನೋಡಿ ಬರೆದಿಟ್ಟುಕೊಂಡಿತ್ತು. ಕಾರನ್ನು ಗುಜರಿಗೆ ಎಳೆದೊಯ್ಯುವ ಲಾರಿ ಬಂತು. ಸರಳಾ ಒಂದು ನಿಮಿಷ ಕೇಳಿಕೊಂಡು ಬಾಗಿಲು ತೆಗೆದು, ತಮ್ಮ ಸೀಟಿನ ಮೇಲಿದ್ದ ದಿಂಬನ್ನು ತೆಗೆದುಕೊಂಡರು. ಆಟೋದಲ್ಲಿ ದ್ವಾರಕಾದವರೆಗೆ ಅವರ ತೊಡೆಯ ಮೇಲೆ ದಿಂಬು, ಮೂರ್ತಿಯವರ ತೊಡೆಯ ಮೇಲೆ ಕೈಚೀಲ, ನಡುವೆ ಸೇವಂತಿಗೆ.

ಬೈದಿದ್ದರೆ ಚೆನ್ನಾಗಿತ್ತು. ಸರಳಾ ಬೈಯಲಿಲ್ಲ. ಸಂಜೆ ವಸಂತಿಗೆ ಫೋನು ಮಾಡಿದ್ದು ಮಾತ್ರ ಮೇಜಿನವರೆಗೆ ಕೇಳಿಸಿತು. "ಇಲ್ಲ ಕಣೇ, ಬರಲ್ಲ. ತೀರಿಕೊಂಡಿತು. ಮೊದಲೇ ಹೋಗಿದೆಯಂತೆ, ನಮಗೆ ಇವತ್ತು ಗೊತ್ತಾಯ್ತು." ಮೂರ್ತಿಯವರು ವೈಪರ್ ಕಡ್ಡಿಯನ್ನು ಚಿಮಟದಲ್ಲಿ ಹಿಡಿದವರು ಹಿಡಿದಂತೆಯೇ ಕೂತಿದ್ದರು. ಮರುದಿನದಿಂದ ಇನ್ನಷ್ಟು ಶ್ರದ್ಧೆಯಿಂದ ಕೆಲಸ ಮಾಡಿದರು. ಇಷ್ಟು ಚೆನ್ನಾಗಿ ಮಾಡಬೇಕು, ನೋಡಿದವಳು ಹೋದದ್ದನ್ನು ಮರೆಯಬೇಕು ಎಂಬುದು ಅವರ ಲೆಕ್ಕ. ಆಯುಧಪೂಜೆಯ ಮುನ್ನಾದಿನ ಮೇಲ್ಛಾವಣಿ ಅಂಟಿಸಿ, ಕೊನೆಯ ವಾರ್ನಿಷ್ ಕೊಟ್ಟು ಮುಗಿಸಿದರು. ಕಾರು ಈಗಷ್ಟೇ ಶೋರೂಮಿನಿಂದ ಬಂದಂತೆ ಹೊಳೆಯುತ್ತಿತ್ತು.

ಬೆಳಿಗ್ಗೆ ಸರಳಾ ಮಡಿಯುಟ್ಟು, ಅರಿಶಿನ ಕುಂಕುಮದ ತಟ್ಟೆ ಹಿಡಿದು, ಮೇಜಿನ ಪಕ್ಕ ಬಂದು ನಿಂತರು.

"ಸರೀರಿ ಆ ಕಡೆ. ಕಾರು ತೊಳೀಬೇಕು."

"ತೊಳೆಯೋದಾ?"

"ಪೂಜೆಗೆ ಮುಂಚೆ ಹದಿನಾಲ್ಕು ವರ್ಷ ತೊಳೆದಿದ್ದೀನಿ."

"ಸರಳಾ, ಇದು ಅದಲ್ಲ."

"ನನ್ನ ಕಾರು ಅಂತ ಮನೇಲಿರೋದು ಇದೊಂದೇ ತಾನೇ? ಅದನ್ನು ಇಲ್ಲದ ಹಾಗೆ ಮಾಡಿದ್ದು ಯಾರು?"

ವಾರ್ನಿಷ್ ಇನ್ನೂ ಹಸಿಯಾಗಿತ್ತು. ಮೂರ್ತಿಯವರು ಕುರ್ಚಿ ಸರಿಸಿ ಎದ್ದರು. ಹರಿಣಿ ನಡುವೆ ಬಂದು ತೊಳೆಯುವುದನ್ನು ಪ್ರೋಕ್ಷಣೆಗಿಳಿಸಿದಳು. ಮಿಕ್ಕದ್ದೆಲ್ಲ ಶಾಸ್ತ್ರೋಕ್ತವಾಗಿ ನಡೆಯಿತು. ಬಾನೆಟ್ಟಿಗೆ ಗಂಧ, ಅರಿಶಿನ, ಅದರ ಮೇಲೆ ನೀರಲ್ಲಿ ಕಲಸಿದ ಕುಂಕುಮ. ಸೇವಂತಿಗೆ ಹೂವೊಂದು ಇಡೀ ಛಾವಣಿಯನ್ನು ಮುಚ್ಚಿತು. ನಿಂಬೆಹಣ್ಣು ಚಕ್ರಕ್ಕಿಂತ ದೊಡ್ಡದಾಗಿ, ಹರಿಣಿ ಫ್ರಿಜ್ಜಿನಿಂದ ನಾಲ್ಕು ಬಟಾಣಿ ತಂದಳು. ಸರಳಾ ಛಾವಣಿಯ ಮೇಲೆ ಒಂದು ಬೆರಳಿಟ್ಟು ಒತ್ತಿ ತಳ್ಳಿದರು. ಬಟಾಣಿಗಳು ಜಜ್ಜಿಹೋದವು. ಮಂಗಳಾರತಿಯ ಕರ್ಪೂರದ ಮಸಿ ಹಿಂಬದಿಗೆ ಹಿಡಿಯಿತು. ಸ್ಪರ್ಧೆಯ ಕಾರು ಮಾರಿಹಬ್ಬಕ್ಕೆ ಬಿಟ್ಟ ಕೋಣದ ಹಾಗೆ ನಿಂತಿತ್ತು.

ಇನ್ನೇನೂ ಉಳಿದಿರಲಿಲ್ಲವಾದ್ದರಿಂದ ಮೂರ್ತಿಯವರು ಭೂತಗನ್ನಡಿಯನ್ನು ಹೆಂಡತಿಯ ಕೈಗೆ ಕೊಟ್ಟು, ಒಳಗಾದರೂ ನೋಡು ಎಂದರು. ಎಡಗಡೆ, ಕೆಳಗೆ, ಮ್ಯಾಟಿನ ತೂತು. ಇಪ್ಪತ್ನಾಲ್ಕರಲ್ಲೊಂದು, ಕೂದಲೆಳೆ ತಪ್ಪಿಲ್ಲ.

ಸರಳಾ ಬಗ್ಗಿ ಬಹಳ ಹೊತ್ತು ನೋಡಿದರು.

"ಇದು ನನ್ನ ಕಾರಲ್ಲ," ಎಂದರು.

"ಯಾಕೆ?"

"ಸೀಟು ಇಷ್ಟು ಹಿಂದಿದ್ದರೆ ನನ್ನ ಕಾಲು ಬ್ರೇಕಿಗೆ ಎಟಕತ್ತಾ? ಪಕ್ಕದಲ್ಲೇ ಕೂತಿರ್ತಿದ್ದಿರಿ. ನಿಮ್ಮ ಕಾಲಿನ ತೂತು ಇದೆ. ನನ್ನ ದಿಂಬು ಎಲ್ಲಿ?"

ಕನ್ನಡಿಯನ್ನು ಮೇಜಿನ ಮೇಲಿಟ್ಟು ಪಾಯಸ ನೋಡಲು ಒಳಗೆ ಹೋದರು. ಕಾರಿಲ್ಲದಿದ್ದರೂ ಪಾಯಸ ಮಾಡಿದ್ದರು.

ಮೂರ್ತಿಯವರು ಆ ಪುಟ್ಟ ಸೀಟನ್ನೇ ನೋಡುತ್ತಾ ಕೂತರು. ಐದಡಿಯೂ ಇಲ್ಲದ ಹೆಂಗಸು ಸ್ಟಿಯರಿಂಗಿಗೆ ಎದೆಯೊತ್ತಿ, ಕತ್ತು ಚಾಚಿ, ಶಾಲೆಗೆ, ಆಸ್ಪತ್ರೆಗೆ, ನಿಲ್ದಾಣಕ್ಕೆ ಎಲ್ಲರನ್ನೂ ಮುಟ್ಟಿಸಿದ್ದು ಅವರಿಗೆ ಕಣ್ಣಿಗೆ ಕಟ್ಟಿದಂತೆ ಬಂತು. ತಾವು ಆಗೆಲ್ಲ ರಸ್ತೆ ನೋಡುತ್ತಿದ್ದರು. ಆಮೇಲೆ ಎದ್ದು ಸಣ್ಣ ಗರಗಸ ತೆಗೆದುಕೊಂಡರು.

ಮಾಡುವುದಕ್ಕಿಂತ ಬಿಚ್ಚುವುದು ಕಷ್ಟವೆಂದು ಅವರಿಗೆ ಅಂದು ತಿಳಿಯಿತು. ಛಾವಣಿ ಸೀಳಿ ಬಂತು, ಮುಂಗಾಜು ಬಿರುಕುಬಿಟ್ಟಿತು, ಒಂದು ಬಾಗಿಲು ಕೈಗೇ ಬಂತು. ಸೀಟನ್ನು ಮುಂದಕ್ಕೆ ತಂದು ಅಂಟಿಸಿದರು. ದಿಂಬಿನ ಹೊದಿಕೆ ಸರಳಾ ಅವರ ಹಳೆಯ ಇಳಕಲ್ ಸೀರೆಯದು. ಮೂರ್ತಿಯವರು ಅಡುಗೆಮನೆಯ ಬಾಗಿಲಲ್ಲಿ ನಿಂತು, ಹೆಬ್ಬೆರಳಿನ ಉಗುರಿನಷ್ಟು ಬಟ್ಟೆ ಬೇಕಾಗಿತ್ತು ಎಂದರು. ಸರಳಾ ದಿಂಬಿನ ಮೂಲೆಯನ್ನು ಕತ್ತರಿಸಿಕೊಟ್ಟರು. ದಿಂಬು ಕೂತಿತು. ಛಾವಣಿ ಮಾತ್ರ ಮತ್ತೆ ಕೂರಲಿಲ್ಲ.

ಪ್ರದರ್ಶನಕ್ಕೆ ಇಬ್ಬರೂ ಮೆಟ್ರೋದಲ್ಲಿ ಹೋದರು. ಮೂರ್ತಿಯವರು ಹೆಸರು ಕೊಟ್ಟಿದ್ದು ಹೊಚ್ಚಹೊಸ ಕಾರುಗಳ ವಿಭಾಗಕ್ಕೆ. ಬಾಗಿಲಲ್ಲಿದ್ದ ಹುಡುಗಿ ಡಬ್ಬದೊಳಗೆ ಇಣುಕಿ, ಒಂದು ಮಾತೂ ಕೇಳದೆ, ಗುಜರಿ ಮತ್ತು ಪಾಳು ವಾಹನಗಳ ಮೇಜಿಗೆ ಕಳಿಸಿದಳು. ತೀರ್ಪುಗಾರರಾದ ಹಿರಿಯ ಸರದಾರ್‌ಜಿ ಬೇರೆಲ್ಲವನ್ನೂ ದಾಟಿ ಇದರ ಮುಂದೆ ನಿಂತರು. ಬಾನೆಟ್ಟಿನ ತುಕ್ಕು ಇಷ್ಟು ಸಹಜವಾಗಿರುವುದನ್ನು ತಾವು ಎಲ್ಲೂ ನೋಡಿಲ್ಲವೆಂದರು. ಚಕ್ರದಡಿಯ ಪಾಚಿ, ಹಿಂಬದಿಯ ಹೊಗೆ ಎಲ್ಲವನ್ನೂ ಮೆಚ್ಚಿ, ತುಕ್ಕಿಗೆ ಯಾವ ಬಣ್ಣ ಬಳಸಿದಿರಿ ಎಂದು ಕೇಳಿದರು. ಮೂರ್ತಿಯವರು ಸರಳಾ ಕಡೆ ತಿರುಗಿ, ಆ ಕೆಲಸ ಮನೆಯವರದು ಎಂದರು.

"ಕುಂಕುಮ," ಎಂದರು ಸರಳಾ. "ಕೆಳಗೆ ಅರಿಶಿನ ಕೊಡಬೇಕು."

ಸರದಾರ್‌ಜಿ ಅದನ್ನು ಗಂಭೀರವಾಗಿ ಮನಸ್ಸಿಗೆ ಹಾಕಿಕೊಂಡರು. ಮೊದಲ ಬಹುಮಾನ ಇದಕ್ಕೇ ಎಂದರು. ಒಂದೇ ಒಂದು ಕೊರತೆ. ಈ ಕಾರಿಗೆ ಕಂಪನಿಯವರು ದಿಂಬು ಕೊಡುತ್ತಿರಲಿಲ್ಲ. ಮೂಲದಲ್ಲಿ ಇಲ್ಲದ್ದು ಮಾದರಿಯಲ್ಲಿ ಇರಕೂಡದು. ಈಗಲೇ ತೆಗೆದುಬಿಟ್ಟರೆ ಆಯಿತು.

ಆ ನಿಯಮವನ್ನು ಹತ್ತಾರು ವರ್ಷ ಊರಿಗೆಲ್ಲ ಬೋಧಿಸಿದ್ದವರು ಮೂರ್ತಿಯವರೇ.

"ಮೂಲದಲ್ಲಿ ಇತ್ತು," ಎಂದರು. "ತೆಗೆಯೋದಕ್ಕೆ ಬರುವುದಿಲ್ಲ. ಅಂಟಿಸಿದ್ದೇನೆ."

ಹಾಗಾಗಿ ಎರಡನೆಯ ಬಹುಮಾನ ಬಂತು, ಗುಜರಿ ವಿಭಾಗದಲ್ಲಿ. ತುಕ್ಕಿನ ಕೆಲಸಕ್ಕೆಂದು ಸರದಾರ್‌ಜಿ ಪದಕವನ್ನು ಸರಳಾ ಅವರ ಕೊರಳಿಗೆ ಹಾಕಿದರು. ಮೂರ್ತಿಯವರು ಕೈಚೀಲ ಹಿಡಿದುಕೊಂಡು ಚಪ್ಪಾಳೆ ತಟ್ಟಲು ಪರದಾಡಿದರು.

ವಾಪಸು ಬರುವಾಗ ಮೆಟ್ರೋದಲ್ಲಿ ಅಕ್ಕಪಕ್ಕ ಸೀಟು ಸಿಕ್ಕಿತು. ಮೂರ್ತಿಯವರ ತೊಡೆಯ ಮೇಲೆ ಕೈಚೀಲ, ಅದರ ಮೇಲೆ ಕಾರಿನ ಡಬ್ಬ. ವಸಂತಿಗೆ ಹೊಸದೊಂದು ಹಳೆಯ ಕಾರು ನೋಡಬೇಕೆಂದೂ, ಈ ಸಲ ತಾರೀಖನ್ನು ತಾವೇ ಓದುವುದಾಗಿಯೂ ಸರಳಾ ಹೇಳಿದರು. ಮೂರ್ತಿಯವರು ಹೂಂ ಎಂದರು. ದ್ವಾರಕಾ ಹತ್ತಿರವಾಯಿತು. ಕಿಟಕಿಯಲ್ಲಿ ನಿಲ್ದಾಣದ ದೀಪಗಳು ಓಡಿಬಂದವು. ಮೂರ್ತಿಯವರ ಬಲಗಾಲು ತನಗೆ ತಾನೇ ನೆಲವನ್ನು ಒತ್ತಿತು. ರೈಲು ನಿಧಾನವಾಗಿ ನಿಂತಿತು.

ಸರಳಾ ಅದನ್ನು ನೋಡಿದರು. ಕೈಚೀಲಕ್ಕೆ ಕೈ ಚಾಚುತ್ತಾ, "ಚೆನ್ನಾಗಿ ನಿಲ್ಲಿಸಿದಿರಿ, ಏಳಿ," ಎಂದರು.