ರಿಯಾಲಿನ ದರ ಮತ್ತು ನೀಲವ್ವನ ಮಗ್ಗ

ವಾದ ಮಾಡಲು ಕಲಿತವರನ್ನು ಮನೆಯ ವ್ಯವಹಾರದಿಂದ ದೂರ ಇಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇದರ ಪರವಾಗಿ ಹತ್ತು ನಿಮಿಷ, ವಿರೋಧವಾಗಿ ಹತ್ತು ನಿಮಿಷ ಮಾತಾಡಬಲ್ಲೆ. ರೋಗ ಇರುವುದೇ ಅಲ್ಲಿ. ಬಾಗಲಕೋಟೆಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಮ್ಮನ್ನು ತಯಾರು ಮಾಡಿದ ಮಾಸ್ತರರು ಚೀಟಿ ಎತ್ತಿಸುತ್ತಿದ್ದರು. ಚೀಟಿಯಲ್ಲಿ ‘ಪರ’ ಎಂದಿದ್ದರೆ ಪರ, ‘ವಿರೋಧ’ ಎಂದಿದ್ದರೆ ವಿರೋಧ. ನಿಮ್ಮ ಮನಸ್ಸಿನಲ್ಲಿ ಏನಿದೆ ಎಂದು ಯಾರೂ ಕೇಳುವುದಿಲ್ಲ. ಗೆದ್ದ ಢಾಲುಗಳು ಕಾಲೇಜಿನ ಕಪಾಟಿನಲ್ಲಿ ಉಳಿದವು, ಚಟ ಮಾತ್ರ ನನ್ನ ಜೊತೆ ಮನೆಗೆ ಬಂತು. ನಾನು ಒಂದು ದಿನವಾದರೂ ಎದುರು ಮಾತಾಡದೆ ಊಟ ಮಾಡಲಿ ಎಂದು ಅವ್ವ ತುಳಸಿಗೇರಿ ಹನಮಪ್ಪನಿಗೆ ಕಾಯಿ ಒಡೆಸಿಕೊಂಡು ಬಂದಳು. ಕಾಯಿ ಒಡೆಯುವುದಕ್ಕೂ ನನ್ನ ಬಾಯಿ ಮುಚ್ಚುವುದಕ್ಕೂ ಏನು ಸಂಬಂಧ ಎಂದು ಅಂದೇ ರಾತ್ರಿ ಊಟಕ್ಕೆ ಕುಳಿತಾಗ ಕೇಳಿದೆ.

ಇಂಥವನ ಕೈಗೆ ನಮ್ಮ ಸಂಗಪ್ಪ ಮಾಮಾ ತನ್ನ ಮನೆಯ ಖರೀದಿಯನ್ನು ಕೊಟ್ಟ. ಸಂಗಪ್ಪ ಮಾಮಾ ಎಂದರೆ ನನ್ನ ಅಕ್ಕ ಶಾಂತಕ್ಕನ ಗಂಡ. ಇಳಕಲ್ಲಿನ ಕೆಂಪು ಕಲ್ಲಿನ ಗಣಿಯಲ್ಲಿ ಬಂಡೆಗೆ ತೂತು ಕೊರೆಯುವ ಕೆಲಸದಲ್ಲಿ ಕೈ ಪಳಗಿಸಿಕೊಂಡು, ಮಸ್ಕತ್ತಿನಲ್ಲಿ ಗುಡ್ಡ ಒಡೆದು ರಸ್ತೆ ಮಾಡುತ್ತಾರೆಂದು ಕೇಳಿ ಅಲ್ಲಿಗೆ ಹೋದವನು. ಅಲ್ಲಿ ನಿಂತು ನೋಡಿದರೆ ಇಳಕಲ್ಲೇ ಪರದೇಶ. ಸಮುದ್ರದಾಚೆ ರಿಯಾಲು ಗಳಿಸಿ, ಸಮುದ್ರದೀಚೆ ರೂಪಾಯಿಯಲ್ಲಿ ಮನೆ ಕೊಳ್ಳಬೇಕು. ಅಕ್ಕ ಎರಡು ಮಕ್ಕಳನ್ನು ಕಟ್ಟಿಕೊಂಡು ಇಳಕಲ್ಲಿನಲ್ಲೇ ನಾಲ್ಕು ವರ್ಷಗಳಲ್ಲಿ ಮೂರು ಬಾಡಿಗೆ ಮನೆ ಬದಲಿಸಿದ್ದಳು. ಮೂರನೆಯ ಮನೆಯವರೂ ಮಗನ ಮದುವೆ ಇದೆ, ಬಿಡು ಎಂದಿದ್ದರು.

ಆಗ ಸಿಕ್ಕಿದ್ದು ನೀಲವ್ವನ ಮನೆ. ನೀಲವ್ವ ಸೀರೆ ನೇಯುವ ಮುದುಕಿ, ವಿಧವೆ. ಮನೆ ಮಾರಿ ಕಮತಗಿಯ ಮಗಳ ಹತ್ತಿರ ಹೋಗುವವಳು. ಪಡಸಾಲೆಯ ನೆಲದಲ್ಲಿ ಕುಣಿ ತೋಡಿ ಹೂಡಿದ ಮಗ್ಗ. ಕಾಲು ಕುಣಿಯೊಳಗೆ ಇಳಿಬಿಟ್ಟು ಕುಳಿತೇ ಆಕೆ ವ್ಯವಹಾರ ಮಾತಾಡಿದಳು.

“ನೇಯಾಕಂತ ಸಾವುಕಾರ ಕೊಟ್ಟ ನೂಲು ಇನ್ನ ಎರಡು ಸೀರಿಗಿ ಆಗೂವಷ್ಟು ಐತಿ. ಎರಡನೇ ಸೀರಿ ಮಗ್ಗದಿಂದ ಇಳಿದ ದಿನ ಮನಿ ಕೊಡ್ತೇನಿ. ಮಗ್ಗದ ಮ್ಯಾಲ ಸೀರಿ ಇದ್ದಾಗ ಮನಿ ಮಾರಬಾರದು, ಇಳಿದ ಮ್ಯಾಲ ಇಟಗೋಬಾರದು. ನಮ್ಮ ಅತ್ತಿ ಹೇಳಿದ್ದು.”

ಅವಳ ಕೈಯಲ್ಲಿ ಒಂದು ಸೀರೆಗೆ ಮೂರು ವಾರ. ನಮ್ಮ ಹಿಂದೆಯೇ ಮನೆಗೆ ಇನ್ನೊಬ್ಬ ಗಿರಾಕಿ ಕಾದಿದ್ದ. ಕಲ್ಲಿನ ವ್ಯಾಪಾರಿ, ಗೋದಾಮಿಗೆ ಜಾಗ ಬೇಕಾಗಿತ್ತು.

ಮಾಮಾನ ಪತ್ರ ಬಂತು. “ರೊಕ್ಕ ತಯಾರ ಐತಿ. ಈಗ ಡ್ರಾಫ್ಟ್ ತಗಸಲೋ, ರಿಯಾಲಿನ ದರಾ ಏರೂತನಕ ತಡಿಯಲೋ? ನೀ ಪೇಪರ್ ಓದಾಂವ, ಹೇಳು.” ಇಷ್ಟು ಗೌರವ ಕೊಟ್ಟು ನನ್ನನ್ನು ಈವರೆಗೆ ಯಾರೂ ಏನೂ ಕೇಳಿರಲಿಲ್ಲ. ರಿಯಾಲು ಡಾಲರಿನ ಸೆರಗು ಹಿಡಿದು ನಡೆಯುತ್ತದೆ ಎಂದು ಬ್ಯಾಂಕಿನ ಗುಮಾಸ್ತರೊಬ್ಬರು ಹೇಳಿದ್ದರು. ಅಂದಿನಿಂದ ಬಾಗಲಕೋಟೆಯ ವಾಚನಾಲಯದಲ್ಲಿ ಒಂದು ದಿನ ತಡವಾಗಿ ಬರುವ ಇಂಗ್ಲಿಷ್ ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಡಾಲರಿನ ಸಾಲು ಹುಡುಕುವುದು ನನ್ನ ನಿತ್ಯವಿಧಿಯಾಯಿತು. ಡಾಲರು ಏರುತ್ತಿತ್ತು. ಏರುವುದನ್ನು ನಡುವೆ ತಡೆದು ಮಾರುವವನು ದಡ್ಡ ಎಂದು ನಾಲ್ಕು ಪುಟ ಬರೆದು, ನನ್ನ ತಂತಿ ಬರುವತನಕ ಡ್ರಾಫ್ಟ್ ತೆಗೆಸಬೇಡ ಎಂದೆ.

ಅಕ್ಕ ಕೇಳಿದಳು, “ಮುಂದ ಏರತೈತಿ ಅಂತ ನಿನಗ ಹೆಂಗ ಗೊತ್ತೋ ತಮ್ಮಾ?”

“ಏರೂದಿಲ್ಲ ಅಂತ ನಿನಗ ಹೆಂಗ ಗೊತ್ತು?” ಎಂದೆ.

ಅಕ್ಕ ಒಲೆಗೆ ಕಟ್ಟಿಗೆ ಒಡ್ಡಲು ಎದ್ದು ಹೋದಳು. ಅದನ್ನು ನಾನು ಗೆಲುವು ಎಂದು ಬರೆದುಕೊಂಡೆ.

ಪತ್ರ ಮಸ್ಕತ್ತು ಮುಟ್ಟುವಷ್ಟರಲ್ಲಿ ಡಾಲರು ಇಳಿಯತೊಡಗಿತು. ಇಳಿದಾಗ ತರಿಸಿದರೆ ನನ್ನ ನಾಲ್ಕು ಪುಟದ ಗತಿ ಏನು? ಮತ್ತೆ ಏರಲಿ ಎಂದು ಕಾದೆ. ನಾನು ಕಾಯುತ್ತಿದ್ದದ್ದು ಮಾಮಾನ ರೊಕ್ಕಕ್ಕಲ್ಲ, ನನ್ನ ಮಾತಿಗೆ ಎಂಬುದು ಆಗ ಹೊಳೆದಿರಲಿಲ್ಲ. ಅತ್ತ ಮೊದಲನೆಯ ಸೀರೆ ಇಳಿದು ಎರಡನೆಯದು ಮಗ್ಗಕ್ಕೆ ಏರಿತು. ಐದನೆಯ ವಾರ ಡಾಲರು ಹಳೆಯ ಜಾಗಕ್ಕೆ ಬಂದು ನಾಲ್ಕು ಪೈಸೆ ಮೇಲೂ ಹೋಯಿತು. ಓಡಿಹೋಗಿ ತಂತಿ ಕೊಟ್ಟೆ. ಆದರೆ ಡ್ರಾಫ್ಟು ಅಂಚೆಯಲ್ಲಿ ಬರಬೇಕು, ಬಂದದ್ದನ್ನು ಬ್ಯಾಂಕು ಮುಂಬೈಗೆ ಕಳಿಸಬೇಕು, ಅಲ್ಲಿಂದ ಹೂಂ ಅನ್ನಿಸಿಕೊಳ್ಳಬೇಕು. ಇದನ್ನು ಆ ಗುಮಾಸ್ತರು ಮೊದಲೇ ಹೇಳಿದ್ದರು. ನಾನು ಅವರ ಮಾತಿನಲ್ಲಿ ನನಗೆ ಬೇಕಾದ ಅರ್ಧವನ್ನಷ್ಟೇ ಕೇಳಿಸಿಕೊಂಡಿದ್ದೆ.

ಉಳಿದದ್ದು ಒಂದೇ ದಾರಿ: ನೀಲವ್ವನ ಕೈಯನ್ನು ನಿಧಾನ ಮಾಡಿಸುವುದು. ಮೊದಲಿನಿಂದಲೂ ಪ್ರತಿ ಭಾನುವಾರ ಬಾಗಲಕೋಟೆಯಿಂದ ಬಂದು ಹತ್ತು ಗಂಟೆಗೆ ಇಳಕಲ್ಲಿನಲ್ಲಿ ಇಳಿದು, ಎಷ್ಟು ಮೊಳ ನೇಯ್ದಳೆಂದು ನೋಡಿ, ನಾಲ್ಕರ ಬಸ್ಸಿಗೆ ಮರಳುತ್ತಿದ್ದೆ. ಈಗ ಬಂದಷ್ಟು ಹೊತ್ತೂ ಕುಣಿಯ ಅಂಚಿನಲ್ಲೇ ಬೀಡುಬಿಟ್ಟೆ. ಮಾತಿಗೆ ಸಿಕ್ಕಿದವರ ಕೈ ನಿಲ್ಲುತ್ತದೆ ಎಂಬುದು ನನ್ನ ಲೆಕ್ಕ.

“ಆಯಿ, ಕರೆಂಟಿನ ಮಗ್ಗ ಬಂದ ಮ್ಯಾಲ ಈ ಕೈಮಗ್ಗ ಯಾರಿಗಿ ಬೇಕ್ರಿ?”

“ಯಾಂವ ಅಂದಾಂವ?” ಎಂದಳು. ಲಾಳಿ ಅತ್ತಿಂದಿತ್ತ ಹಾರತೊಡಗಿತು. “ಕರೆಂಟ್ ಹ್ವಾದ್ರ ನಿನ್ನ ಮಗ್ಗ ಬಾಯಿ ತಕ್ಕೊಂಡು ಕುಂದರತೈತಿ. ನನ್ನ ಕೈ ಕುಂದರತೈತೇನ?” ಖಟ್, ಖಟ್. “ಅದಕ್ಕ ಸೆರಗು ಕೂಡಸಾಕ ಬರತೈತೇನ, ಕೇಳಿ ಬಾ.” ಖಟ್, ಖಟ್.

ನಾನು ಹೊಸ ಹೊಸ ಅಂಶ ಎತ್ತಿದಷ್ಟೂ ಲಾಳಿ ಜೋರಾಯಿತು. ನಾಲ್ಕರ ಬಸ್ಸಿಗೆ ಹೊರಟಾಗ ಆಕೆಯೇ ಹೇಳಿದಳು, “ದಿನಾ ಬಾರಪಾ. ಒಬ್ಬಾಕಿನ ಕುಂತ್ರ ಬ್ಯಾಸರಾಗಿ ಕೈ ತಡಾ ಆಗತೈತಿ. ನಿನ್ನ ಕೂಡ ಜಗಳಾಡಿದ್ರ ಒಂದು ಗೇಣು ಹೆಚ್ಚಿಗಿನ ಆಗತೈತಿ ನೋಡು.”

ಡ್ರಾಫ್ಟು ಬಂದು ಮುಂಬೈಗೆ ಹೋದ ವಾರವೇ ಎರಡನೆಯ ಸೀರೆ ಮಗ್ಗದಿಂದ ಇಳಿಯಿತು. ಸುದ್ದಿ ಕೇಳಿ ಕೆಲಸ ಬಿಟ್ಟು ಓಡಿಬಂದೆ. ಕಲ್ಲಿನ ವ್ಯಾಪಾರಿ ಪಡಸಾಲೆಯಲ್ಲಿ ಕುಳಿತಿದ್ದ. “ನಾಳೆ ರಜಿಸ್ಟ್ರಿಗೆ ಹುನಗುಂದಕ್ಕ ಬರ್ರಿ ಆಯಿ. ಕಾಗದಾ ಒಂದು ಕೈ, ರೊಕ್ಕ ಒಂದು ಕೈ” ಎಂದ. ಅಕ್ಕ ಬಾಗಿಲ ಬಳಿ ನಿಂತಿದ್ದಳು. ನನ್ನ ಕಡೆ ನೋಡಲಿಲ್ಲ; ನೋಡಿದ್ದರೆ ಚೆನ್ನಾಗಿತ್ತು. ಪರ, ವಿರೋಧ ಎರಡನ್ನೂ ಬಿಟ್ಟು ನಾನು ಮುದುಕಿಯ ಕಡೆ ತಿರುಗಿದೆ.

ನೀಲವ್ವ ಕುಣಿಯಲ್ಲೇ ಕುಳಿತಿದ್ದಳು. ಮುಂದೆ ತಾನೇ ತರಿಸಿಕೊಂಡ ಹೊಸ ನೂಲು. ಕೆಂಪು ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಿದ್ದಳು. ಇಡೀ ದಿನ ಹಿಡಿಯುವ ಕೆಲಸ ಅದು.

“ಮಗ್ಗದ ಮ್ಯಾಲ ಸೀರಿ ಐತಲ್ರಿ” ಎಂದು ವ್ಯಾಪಾರಿಗೆ ಹೇಳಿದಳು ತಲೆ ಎತ್ತದೆ. “ಸೀರಿ ಇದ್ದಾಗ ಮನಿ ಹೆಂಗ ಮಾರಲಿ?”

ಆತ ಚಹಾ ಕುಡಿದು, ಬೇರೆ ಗೋದಾಮು ನೋಡಿಕೊಳ್ಳಲು ಹೋದ. ಮುದುಕಿಯ ತರ್ಕಕ್ಕೆ ನಾನು ಮನಸ್ಸಿನಲ್ಲೇ ಒಂದು ಢಾಲು ಕೊಟ್ಟೆ.

ಮೂರನೆಯ ಸೀರೆ ಇಳಿಯುವ ಹೊತ್ತಿಗೆ ಬ್ಯಾಂಕು ಹೂಂ ಅಂದಿತ್ತು. ಖರೀದಿ ಪತ್ರಕ್ಕೆ ಮೂವರೂ ಹುನಗುಂದಕ್ಕೆ ಹೋದೆವು. ಸಬ್‌ರಜಿಸ್ಟ್ರಾರ್ ಕಚೇರಿಗೆ ಮೂರೇ ಮೆಟ್ಟಿಲು. ನೀಲವ್ವ ಕೆಳಗೇ ನಿಂತಳು. “ಬರ್ರಿ ಆಯಿ, ಹೊತ್ತಾತು” ಎಂದೆ. ಅಕ್ಕ ಮುದುಕಿಯ ಕಂಕುಳಿಗೆ ತನ್ನ ಹೆಗಲು ಕೊಟ್ಟು, ಒಂದೊಂದು ಮೆಟ್ಟಿಲಿಗೂ ನಿಂತು ಹತ್ತಿಸಿದಳು. ಮುದುಕಿಯ ಮೊಣಕಾಲುಗಳು ಬಾತು, ಮಡಚದಂತೆ ಆಗಿದ್ದವು. ಅಷ್ಟು ಭಾನುವಾರ ಎದುರು ಕುಳಿತು ವಾದ ಮಾಡಿದ ನಾನು ಆಕೆ ಎದ್ದು ನಿಂತದ್ದನ್ನು ನೋಡಿದ್ದು ಅಂದೇ ಮೊದಲು.

ಆಮೇಲೆ ಅಕ್ಕ ಹೇಳಿದಳು. “ಕುಣ್ಯಾಗ ಇಳೀಬ್ಯಾಡ ಅಂತ ದವಾಖಾನ್ಯಾಗ ಅಂದಾರ. ಅದಕ್ಕ ಮನಿ ಮಾರಿದ್ದು. ಮುಂಜಾನೆ ನಾ ಇಳಸ್ತಿದ್ದೆ, ಸಂಜಿಕ ನಾನ ಎತ್ತತಿದ್ದೆ. ನೀ ಹತ್ತಕ್ಕ ಬಂದು ನಾಕಕ್ಕ ಹೋಗಾಂವ.”

“ನನಗ್ಯಾಕ ಹೇಳಲಿಲ್ಲ?”

“ಹೇಳಿದ್ರ ಅದಕ್ಕೂ ಏನಾರ ಅಂತಿದ್ದಿ.”

ಮೊದಲ ಎರಡು ಸೀರೆ ಸಾವುಕಾರನಿಗೆ ಕೊಟ್ಟ ಮಾತಿನವು. ಮೂರನೆಯದಕ್ಕೆ ಆಕೆ ಕುಣಿಗೆ ಇಳಿದದ್ದು ಪೂರ್ತಿ ನನ್ನ ನಾಲ್ಕು ಪೈಸೆಗಾಗಿ. ಮಾಮಾ ಮಾತ್ರ ಹಿಗ್ಗಿ ಬರೆದಿದ್ದ: “ತಮ್ಮಾ, ನಿನ್ನ ಮಾತು ಖರೆ ಆತು. ಉಳಿದ ರೊಕ್ಕದಾಗ ಒಂದು ವಾಚ್ ತಗೋ.” ಆ ರೊಕ್ಕದಲ್ಲಿ ಅಕ್ಕ ಒಂದು ಎತ್ತರದ ಹೊರಸು ಮಂಚ ಮಾಡಿಸಿ ಕಮತಗಿಗೆ ಕಳಿಸಿದಳು. ನೀಲವ್ವ ಈಗ ನೆಲದಿಂದ ಏಳಬೇಕಾಗಿಲ್ಲವಂತೆ.

ಮನೆಯ ಕುಣಿಯನ್ನು ಅಕ್ಕ ಇನ್ನೂ ಮುಚ್ಚಿಸಿಲ್ಲ. ಕಳೆದ ಭಾನುವಾರ ಅದರೊಳಗೆ ಕಾಲು ಇಳಿಬಿಟ್ಟು ಕುಳಿತು ಮೂರು ತಾಸು ಪತ್ರಿಕೆ ಓದಿದೆ. ಏಳಲು ಹೋದರೆ ಎರಡೂ ಕಾಲು ಜೋಮು ಹಿಡಿದಿದ್ದವು. “ಅಕ್ಕಾ, ಸ್ವಲ್ಪ ಕೈ ಕೊಡು” ಎಂದೆ. ಅಕ್ಕ ಜೋಳ ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಡಲೂ ಇಲ್ಲ.

“ತಡಿಯೋ ತಮ್ಮಾ,” ಎಂದಳು, “ದರಾ ಇನ್ನೊಂದೀಟು ಏರಲಿ.”