ಆಪ್ತ ಸಮಾಲೋಚನೆಗೆ ಹತ್ತಿದ ಜೊಂಪು

ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿದವಳಿಗೆ ನಾಲ್ಕು ಜನರ ಮನಸ್ಸನ್ನು ಅರ್ಥ ಮಾಡಿಕೊಳ್ಳುವುದು ಏನು ಮಹಾ ಕಷ್ಟ ಎಂದು ನಾನು ಬಲವಾಗಿ ನಂಬಿದ್ದೆ. ಜನ ಬರುತ್ತಾರೆ, ಹೇಳಿಕೊಳ್ಳುತ್ತಾರೆ, ಅಳುತ್ತಾರೆ, ಹಗುರಾಗಿ ಹೋಗುತ್ತಾರೆ. ಎರಡು ವರ್ಷ ಓದಿದ್ದು ಇದನ್ನೇ. ಪರೀಕ್ಷೆಯಲ್ಲಿ ಬರೆದದ್ದೂ ಇದನ್ನೇ. ಫಸ್ಟ್ ಕ್ಲಾಸ್ ಕೂಡ ಕೊಟ್ಟಿದ್ದರು!

ಧಾರವಾಡದಲ್ಲಿ ನನ್ನ ಜೊತೆ ಓದಿದವರೆಲ್ಲ ಆ ಡಿಗ್ರಿಯನ್ನು ಒಂದಲ್ಲ ಒಂದು ದುಡಿಮೆಗೆ ಹಚ್ಚಿದ್ದರು. ಗೆಳತಿ ಸುನಂದಾ ಕಂಪನಿಯೊಂದರಲ್ಲಿ ಎಚ್.ಆರ್. ಆಗಿ, ಜನರನ್ನು ಅಳಿಸದೆ ಕೆಲಸದಿಂದ ತೆಗೆಯುವುದರಲ್ಲಿ ಹೆಸರು ಮಾಡಿದ್ದಳು. ಇನ್ನೊಬ್ಬಳು ಶಾಲೆಯಲ್ಲಿ ಕೌನ್ಸೆಲರ್. ಮತ್ತೊಬ್ಬ ಜೀವವಿಮೆ ಮಾರುತ್ತಿದ್ದ. ಸಾವಿನ ಭಯದ ಪಾಠವನ್ನು ಅವನಷ್ಟು ಚೆನ್ನಾಗಿ ಉಪಯೋಗಿಸಿಕೊಂಡವರು ನಮ್ಮ ಬ್ಯಾಚಿನಲ್ಲಿ ಯಾರೂ ಇಲ್ಲ. ನಾನು ಮದುವೆಯಾಗಿ ಗೋವಾದ ವಾಸ್ಕೋಗೆ ಬಂದೆ. ನನ್ನ ಡಿಗ್ರಿ ಕಪಾಟಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಸೇರಿಕೊಂಡಿತು. ಸೀರೆಗಳಾದರೂ ವರ್ಷಕ್ಕೊಮ್ಮೆ ಹೊರಗೆ ಬರುತ್ತಿದ್ದವು.

ಹಾಗಾಗಿ ನನ್ನ ಕೈಗೆ ಸಿಕ್ಕ ಏಕೈಕ ರೋಗಿ ಎಂದರೆ ನನ್ನ ಗಂಡ ಬಸವರಾಜ. ಬ್ಯಾಂಕಿನ ಕೆಲಸ, ಶಾಂತ ಸ್ವಭಾವ. ಒಂದು ದಿನ ಉಪ್ಪಿಟ್ಟು ಬಾಯಿಗಿಟ್ಟು ಮುಖ ಸಿಂಡರಿಸಿದರು. ನಾನು ಅತ್ಯಂತ ವೃತ್ತಿಪರ ದನಿಯಲ್ಲಿ ಕೇಳಿದೆ, "ಈಗ ನಿಮಗ ಒಳಗ ಏನ್ ಅನಸಾಕತ್ತೇತಿ?"

"ಉಪ್ಪ ಕಮ್ಮಿ ಅನಸಾಕತ್ತೇತಿ!" ಎಂದು ತಟ್ಟೆ ಸರಿಸಿದರು. "ಅಲ್ಲ, ನಿನ್ನ ಶಾಸ್ತ್ರ ಎಲ್ಲಾ ನನ್ನ ಮ್ಯಾಲ ಯಾಕ? ಊರಾಗ ಬ್ಯಾರೆ ಮಂದಿ ಇಲ್ಲೇನು?"

ಆ ಕ್ಷಣವೇ ನನ್ನ ಸಮಾಜಸೇವೆ ಹುಟ್ಟಿತು.

ನಮ್ಮ ಕಡೆಯ ಕನ್ನಡ ಸಂಘಕ್ಕೆ ಒಂದು ಪುಟ್ಟ ಹಾಲ್ ಇದೆ. ಅದರ ಹಿಂದೊಂದು ಖೋಲಿ. ಅದರೊಳಗೆ ಮದುವೆ-ಮುಂಜಿವೆಗೆ ಬಾಡಿಗೆ ಕೊಡುವ ಹಂಡೆ, ಕೊಪ್ಪರಿಗೆ, ಸೌಟುಗಳು. ಸಂಘದ ಸೆಕ್ರೆಟರಿ ಹಿರೇಮಠರನ್ನು ಕಂಡು, ಭಾನುವಾರ ಮಧ್ಯಾಹ್ನ ಆ ಖೋಲಿ ಕೊಟ್ಟರೆ ನಮ್ಮ ಜನರಿಗೆ ಪುಕ್ಕಟೆ ಆಪ್ತ ಸಮಾಲೋಚನೆ ಮಾಡುತ್ತೇನೆ ಎಂದೆ. ಅವರಿಗೆ ಸಮಾಲೋಚನೆ ಎಂದರೇನೆಂದು ಅರ್ಥವಾಗಲಿಲ್ಲ. ಪುಕ್ಕಟೆ ಎಂಬುದು ಅರ್ಥವಾಯಿತು.

"ಕೊಡತೇವ್ರಿ ಅಕ್ಕಾರ. ಆದ್ರ ಗಣಪತಿ ಹಬ್ಬದ ಮುಂಚೆ ಕಮಿಟಿ ಮೀಟಿಂಗ್ ಐತಿ. ಅಷ್ಟರಾಗ ನಾಕ ಮಂದಿಗರ ಉಪಯೋಗ ಆಗಿರಬೇಕು. ಇಲ್ಲಾಂದ್ರ ಹಂಡೆ ತಿರುಗಿ ಒಳಗ, ನೀವು ತಿರುಗಿ ಹೊರಗ!"

ಹೀಗೆ ಒಂದು ಕಡೆ ನನ್ನ ವೃತ್ತಿಜೀವನ, ಇನ್ನೊಂದು ಕಡೆ ಸಾರಿನ ಹಂಡೆಗಳು, ಎದುರಾಬದುರಾ ನಿಂತವು.

ಹಂಡೆಗಳನ್ನು ಹೊರಗಿನ ಪಡಸಾಲೆಗೆ ಸಾಗಿಸಿ, 'ಉಚಿತ ಆಪ್ತ ಸಮಾಲೋಚನಾ ಕೇಂದ್ರ' ಎಂದು ಬೋರ್ಡು ಹಾಕಿದೆ. ಮೊದಲ ಭಾನುವಾರ ಒಬ್ಬಾತ ಬಂದ. ಆಧಾರ್ ಕಾರ್ಡಿನಲ್ಲಿ ಅಪ್ಪನ ಹೆಸರು ತಿದ್ದಿಕೊಡುತ್ತೀರಾ ಎಂದ. ಅವನ ಹಿಂದೆ ಒಬ್ಬ ಅಜ್ಜಿ ಬಂದು ಮೊಣಕಾಲು ಚಾಚಿ ಕೂತಳು.

"ಸೂಜಿ ಮಾಡ್ತೀರೇನ್ರಿ?"

"ಇಲ್ಲಜ್ಜಿ, ಇಲ್ಲಿ ಸೂಜಿ ಇಲ್ಲ, ಗುಳಿಗಿ ಇಲ್ಲ. ಬರೇ ಮಾತು."

"ಮಾತ ಮನ್ಯಾಗ ಭಾಳ ಅದಾವು" ಎಂದು ಎದ್ದು ಹೊರಟೇ ಹೋದಳು.

ಬೋರ್ಡು ಅರ್ಥವಾಗುತ್ತಿಲ್ಲ ಎಂದುಕೊಂಡು ಮುಂದಿನ ವಾರ ಕೆಳಗೆ ದಪ್ಪಕ್ಷರದಲ್ಲಿ 'ಮನಸ್ಸಿನ ತೊಂದರೆಗಳಿಗೆ' ಎಂದು ಸೇರಿಸಿದೆ. ಈಗ ಎಲ್ಲರಿಗೂ ಅರ್ಥವಾಯಿತು! ಹಾಲ್ ಕಡೆ ಬರುತ್ತಿದ್ದವರೂ ರಸ್ತೆಯ ಆ ಬದಿಗೆ ದಾಟಿ ನಡೆಯತೊಡಗಿದರು. ನನ್ನ ಖೋಲಿಯ ಮುಂದೆ ನಿಂತು ಬೀಡಿ ಹಚ್ಚುತ್ತಿದ್ದವನೂ ಜಾಗ ಬದಲಾಯಿಸಿದ. ಮನೆಗೆ ಬಂದು ಕಣ್ಣೀರು ಹಾಕುವುದೊಂದು ಬಾಕಿ.

"ಯಾಕ ಬ್ಯಾಸರ ಮಾಡ್ಕೋತಿ?" ಎಂದರು ನಮ್ಮವರು. "ನಿನ್ನ ಬೋರ್ಡ್ ನೋಡಿ ಮಂದಿ ಬಿರಬಿರ ನಡ್ಯಾಕತ್ತಾರ. ಅವ್ರ ಆರೋಗ್ಯಕ್ಕ ಅದೂ ಚಲೋನ."

ಬೋರ್ಡು ಕಿತ್ತು ಮಂಚದ ಕೆಳಗೆ ತಳ್ಳಿದೆ. ಆಮೇಲೆ ಕೈಗೆ ಸಿಕ್ಕವಳು ಯಲ್ಲವ್ವ. ವಿಜಯಪುರದ ಕಡೆಯವಳು, ವಾರವಿಡೀ ಕಟ್ಟಡದಲ್ಲಿ ಸಿಮೆಂಟು ಹೊರುತ್ತಾಳೆ, ಮಧ್ಯಾಹ್ನದ ಬಿಡುವಿನಲ್ಲಿ ಎರಡು ಮನೆ ಪಾತ್ರೆ, ಭಾನುವಾರ ನಮ್ಮ ಹಾಲಿನ ಕಸ. ವಾಸ್ಕೋದ ಕಡಲಂಚಿನ ಬಾಯ್ನಾದ ಮೇಲಿನ ಗುಡ್ಡದಲ್ಲಿ ಮನೆ. "ಯಲ್ಲವ್ವ, ಒಂದ ತಾಸು ನನ್ನ ಮುಂದ ಕೂಡ್ತಿ?" ಎಂದು ಕೇಳಿದೆ. ಓದಿದವರು ಕೇಳಿದರೆ ಇಲ್ಲ ಎನ್ನುವುದು ಹೇಗೆ ಎಂದು ಕೂತಳು. ಕುರ್ಚಿ ಬೇಡವೆಂದು ನೆಲಕ್ಕೇ ಕೂತಳು. ಗೋಪ್ಯತೆಯ ನಿಯಮದಂತೆ ನಾನು ಚಿಲಕ ಹಾಕಿದೆ.

ನಮಗೆ ಪ್ರೊಫೆಸರು ಕಲಿಸಿದ್ದರು: ಸಮಾಲೋಚಕರು ಮೊದಲು ಬಾಯಿ ತೆರೆಯಬಾರದು. ಮೌನ ತಾನಾಗಿ ಕೆಲಸ ಮಾಡುತ್ತದೆ. ಯಲ್ಲವ್ವನಿಗೆ ಅವಳ ಅವ್ವ ಕಲಿಸಿದ್ದಳು: ದೊಡ್ಡವರು ಕೇಳುವವರೆಗೆ ಬಾಯಿ ತೆರೆಯಬಾರದು. ಎರಡು ಮಹಾನ್ ಪರಂಪರೆಗಳು ಮುಖಾಮುಖಿಯಾದವು! ನಾನು ಅವಳನ್ನು ಕರುಣೆಯಿಂದ ನೋಡಿದೆ. ಅವಳು ನೆಲವನ್ನು ನೋಡಿದಳು. ಫ್ಯಾನು ತಿರುಗಿತು. ಹೊರಗೆ ಮಳೆ ಹಂಡೆಗಳ ಮೇಲೆ ಬಾರಿಸಿತು. ಸ್ವಲ್ಪ ಹೊತ್ತಿಗೆ ಯಲ್ಲವ್ವನ ತಲೆ ಗೋಡೆಗೆ ವಾಲಿತು.

ನಿದ್ದೆ ಮಾಡುತ್ತಿದ್ದಾಳೆ ಎಂದು ಬೇರೆ ಯಾರಾದರೂ ಅಂದುಕೊಳ್ಳುತ್ತಿದ್ದರು. ನಾನು ಓದಿದವಳು. ಇದು ಆಳವಾದ ಮಾನಸಿಕ ವಿಶ್ರಾಂತ ಸ್ಥಿತಿ ಎಂದು ತಕ್ಷಣ ಗುರುತಿಸಿದೆ.

ತಾಸಿನ ಮೇಲೆ ಅವಳು ಗಡಬಡಿಸಿ ಎದ್ದು, "ಅಯ್ಯ ನನ್ನ ಶಿವನ! ಭಾಳ ಚಲೋ ಆತ್ರಿ ಬಾಯಾರ. ಮುಂದಿನ ಐತವಾರನೂ ಬರ್ಲೇನ್ರಿ?" ಎಂದಳು. ನನ್ನ ಎದೆ ಉಬ್ಬಿತು. ಮೊದಲ ಕೇಸಿಗೇ ಜಯ!

ಮನೆಗೆ ಹೋಗಿ ವರದಿ ಒಪ್ಪಿಸಿದೆ. "ನಿದ್ದಿ ಹೊಡದ್ಲು ಅನ್ನು" ಎಂದರು ನಮ್ಮವರು.

"ನಿದ್ದಿ ಅಲ್ಲರಿ ಅದು. ಒಳಗಿನ ಬಿಡುಗಡೆ."

"ಹಂಗಂದ್ರ ಬ್ಯಾಂಕಿನ್ಯಾಗ ನಮ್ಮ ಮ್ಯಾನೇಜರ್‌ಗೆ ದಿನಾ ಊಟ ಆದಮ್ಯಾಲ ಬಿಡುಗಡಿ ಆಗತೈತಿ!"

ಮುಂದಿನ ಭಾನುವಾರ ಯಲ್ಲವ್ವ ತನ್ನಂಥ ನಾಲ್ವರು ಹೆಂಗಸರನ್ನು ಕರೆತಂದಳು. ಅದರ ಮುಂದಿನ ವಾರ ಖೋಲಿ ತುಂಬಿತು. ಚಾದರ ತಂದರು, ದಿಂಬು ತಂದರು. ಬಂದವರೇ ಕೈಮುಗಿದು ಸಾಲಾಗಿ ಅಡ್ಡಾದರು. ಇದನ್ನು ನಾನು ಸಾಮೂಹಿಕ ಚಿಕಿತ್ಸೆ ಎಂದು ಕರೆದೆ. ಸುನಂದಾಳಿಗೆ ಫೋನ್ ಮಾಡಿ, "ಮೌನದ ಮೇಲೆ ಹೊಸ ಪ್ರಯೋಗ ನಡೆಸಿದ್ದೇನೆ" ಎಂದು ಗಂಭೀರವಾಗಿ ಹೇಳಿದೆ. ನಡುವೆ ಒಮ್ಮೆ ಮಾತಾಡಿಸಲೂ ನೋಡಿದೆ. "ನಿಮ್ಮ ನಿಮ್ಮ ದುಃಖ ಹೇಳ್ರಿ" ಎಂದೆ. ಚಾದರದೊಳಗಿಂದ ಯಾರೋ, "ಎದ್ದಮ್ಯಾಲ ಹೇಳತೇವ್ರಿ" ಎಂದರು. ಎದ್ದ ಮೇಲೆ ಎಲ್ಲರಿಗೂ ಕೆಲಸದ ಹೊತ್ತಾಗಿತ್ತು.

ನಾಗರ ಪಂಚಮಿ ಕಳೆದ ಭಾನುವಾರ ಅನಾಹುತವಾಯಿತು. ಆ ದಿನ ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಯಾವುದಕ್ಕೂ ಅನ್ಯಾಯವಾಗದಂತೆ ತಿಂದು ಹೋಗಿದ್ದೆ. ಹೊರಗೆ ಮಳೆ, ಒಳಗೆ ಫ್ಯಾನು, ಸುತ್ತಲೂ ಹದವಾದ ಉಸಿರಾಟ. ಸಮಾಲೋಚಕಿಯಾದ ನಾನು ಕುರ್ಚಿಯಲ್ಲೇ ಆಳವಾದ ಮಾನಸಿಕ ವಿಶ್ರಾಂತ ಸ್ಥಿತಿಗೆ ಇಳಿದೆ!

ಹಿರೇಮಠರು ಪರಿಶೀಲನೆಗೆ ಬರಲು ಆ ದಿನವೇ ಬೇಕಿತ್ತೆ? ಬಾಗಿಲು ಬಡಿದರಂತೆ. ಯಾರೂ ಏಳಲಿಲ್ಲವಂತೆ. ಕಿಟಕಿಯಿಂದ ಇಣುಕಿದರಂತೆ. ಇಣುಕಿದ ಮನುಷ್ಯ ಸುಮ್ಮನೆ ಹೋಗಬಹುದಿತ್ತು. ಅವರು ಫೋಟೋ ತೆಗೆದರು. ಮಲಗಿದವರೆಲ್ಲ ಮುಸುಕು ಹೊದ್ದಿದ್ದರು. ಮುಖ ಕಂಡದ್ದು ನನ್ನದೊಂದೇ, ಅದೂ ಬಾಯಿ ತೆರೆದದ್ದು. 'ಆಪ್ತ ಸಮಾಲೋಚನೆ ಪ್ರಗತಿಯಲ್ಲಿದೆ' ಎಂಬ ಅಡಿಬರಹದೊಂದಿಗೆ ಅದು ಸಂಘದ ವಾಟ್ಸಾಪ್ ಗ್ರೂಪಿಗೆ ಹೋಯಿತು. ಸಂಜೆಯೊಳಗೆ ಧಾರವಾಡ ಮುಟ್ಟಿತು. ಅವ್ವ ಫೋನ್ ಮಾಡಿ, "ಮಲ್ಕೊಳ್ಳೋದ ಮಲ್ಕೊಂಡಿ, ಬಾಯರ ಮುಚ್ಚಗೋಬಾರದ ಏನವ್ವಾ?" ಎಂದಳು.

ನಗುವ ವಿಷಯವಾಗಿರಲಿಲ್ಲ ಅದು. ಖೋಲಿ ಹೋದರೆ ಆ ಹೆಂಗಸರ ಭಾನುವಾರ ಹೋಗುತ್ತಿತ್ತು, ಜೊತೆಗೆ ನನ್ನ ಮರ್ಯಾದೆ. ಎರಡನೆಯದಕ್ಕೇ ನನಗೆ ಹೆಚ್ಚು ಸಂಕಟವಾಯಿತೆಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಮೂರು ವಾರದ ಮೇಲೆ ಕಮಿಟಿ ಮೀಟಿಂಗಿಗೆ ಉದ್ದದ ಭಾಷಣ ತಯಾರಿಸಿಕೊಂಡು ಹೋದೆ. "ಮೌನವು ಒಂದು ಪ್ರಬಲ ಚಿಕಿತ್ಸಾ ವಿಧಾನ" ಎಂದು ಶುರು ಮಾಡಿದ್ದೇ ತಡ, ಹಿರೇಮಠರು ಎದ್ದರು.

"ಮೌನ ಅಲ್ರಿ ಅಕ್ಕಾರ, ಗೊರಕಿ! ಕಿಟಕಿ ಹೊರಗ ಕೇಳಸ್ತಿತ್ತು. ಮಲ್ಕೊಳ್ಳಾಕ ಸಂಘದ ಖೋಲಿ ಯಾಕ್ರಿ? ನಮ್ಮ ಹಂಡೆ ಮಳ್ಯಾಗ ತೋಯಾಕತ್ತಾವು!"

ಸಭೆ ಗೊಳ್ಳೆಂದು ನಕ್ಕಿತು. ಜೊತೆಗೆ ಬಂದಿದ್ದ ನಮ್ಮವರೂ ನಕ್ಕರು, ನಾನು ನೋಡಿದೆ. ನಾನು ಭಾಷಣದ ಹಾಳೆ ಮಡಚಿಕೊಂಡೆ. ಆಗ ಹಿಂದಿನ ಗೋಡೆಗೆ ಒರಗಿ ನಿಂತಿದ್ದ ಯಲ್ಲವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ನಾ ಒಂದ ಮಾತ ಹೇಳ್ಲೇನ್ರಿ? ಇಡೀ ಗೋವಾ ಮಧ್ಯಾಹ್ನ ಮಲ್ಕೋತೈತಿ. ಅಂಗಡಿ ಬಾಗಲಾ ಹಾಕತಾರ, ನಾಯಿ ಸೈತ ಮಲ್ಕೋತಾವು. ಆವಾಗ ನಾವು ಅವರ ಮನ್ಯಾಗ ಸಪ್ಪಳಾಗದಂಗ ಭಾಂಡಿ ತಿಕ್ಕತೇವಿ. ನಮ್ಮ ಮನ್ಯಾಗ ಒಂದ ಖೋಲಿ, ಮಗ್ಗಲಾ ಹೊಳ್ಳಾಕ ಜಾಗಿಲ್ಲ. ಇಲ್ಲಿ ಬಾಯಾರ ಚಿಲಕ ಹಾಕತಾರ. ಒಂದ ತಾಸು ನಮ್ಮನ್ನ ಯಾರೂ 'ಏ ಇವಳ' ಅಂತ ಕರಿಯಂಗಿಲ್ಲ. ಅದು ತಪ್ಪೇನ್ರಿ?"

ನಗು ನಿಂತಿತು. ನನಗೆ ನಾಚಿಕೆಯಾಯಿತು. ಇಷ್ಟು ದಿನ ಅವರ ಮುಂದೆ ಕೂತು ಏನೇನೋ ಹೆಸರು ಕೊಟ್ಟಿದ್ದೆ. ದಣಿದಿದ್ದಾರೆ ಎಂಬ ಒಂದು ಸಾದಾ ಮಾತು ಹೊಳೆದಿರಲಿಲ್ಲ.

"ಅದಿರ್ಲವ್ವಾ" ಎಂದರು ಹಿರೇಮಠರು, ಸ್ವಲ್ಪ ಮೆತ್ತಗಾಗಿ. "ಆದ್ರ ಸಮಾಲೋಚನಿ ಅಂತ ಆಗೇತೇನು? ಬಾಯಾರ ನಿನ್ನ ಮಾತ ಯಾವಾಗರ ಕೇಳ್ಯಾರೇನು?"

"ಕೇಳ್ಯಾರಲ್ರಿ! ನೀವು ಫೋಟೋ ಹೊಡದ್ರಲ್ಲ, ಅವತ್ತ. ನನಗ ಲಗೂನ ಎಚ್ಚರಾತು. ಮನಸಿನಾಗಿಂದೆಲ್ಲಾ ಬಾಯಾರ ಮುಂದ ಹೇಳಿದ್ನಿ. ಕಡೀಕ, 'ಸಿಮೆಂಟ್ ಹೊರೂದು ಬಿಟ್ಟು ರೊಟ್ಟಿ ಬಡದ ಮಾರ್ಲೇನ್ರಿ? ಮನ್ಯಾಗ ಬ್ಯಾಡ ಅಂತಾರ' ಅಂತ ಕೇಳಿದ್ನಿ. ಬಾಯಾರ ಹೂಂ ಅಂತ ಗೋಣ ಹಾಕಿದ್ರು. ಮರದಿನಾನ ಒಲಿ ಹೂಡಿದ್ನಿ."

ನಾನು ಗೋಣು ಹಾಕಿದೆನೆ? ತೂಕಡಿಸುವವರ ತಲೆ ಮತ್ತೇನು ಮಾಡುತ್ತದೆ! ಒಂದು ಹೆಂಗಸು ನನ್ನ ಗೋಣಿನ ಒಂದು ಜೋಲಿಯನ್ನು ನಂಬಿ ಕೆಲಸ ಬಿಟ್ಟಿದ್ದಾಳೆ. ಎದ್ದು ನಿಜ ಹೇಳಿಬಿಡಲೇ? ಹೇಳಿದರೆ ಹಂಡೆ ಒಳಗೆ. ಹೇಳದಿದ್ದರೆ ಹೊಟ್ಟೆಯೊಳಗೆ ಹಂಡೆ. ನಮ್ಮವರನ್ನು ನೋಡಿದೆ, ಅವರು ಸೂರನ್ನು ನೋಡುತ್ತಿದ್ದರು.

ಅಷ್ಟರಲ್ಲಿ ಸಂಘದ ಅಧ್ಯಕ್ಷರು, ಊಟದ ವಿಷಯ ಬಂದಾಗ ಮಾತ್ರ ಎಚ್ಚರಾಗುವ ಹಿರಿಯರು, ಮುಂದಕ್ಕೆ ಬಾಗಿದರು. "ತಡಿಯವಾ. ನಮ್ಮ ಮನಿಗೆ ದಿನಾ ಕಡಕ್ ರೊಟ್ಟಿ ಬರತಾವಲ್ಲ, ಅವು ನಿನ್ನವೇನು?"

"ಹೌದ್ರಿ ಅಜ್ಜಾರ. ಬಂದರಿನ್ಯಾಗ ಕೆಲಸ ಮಾಡೋ ಹುಡುಗ್ರೂ ಒಯ್ತಾರ. ಒಬ್ಬಾಕಿಗೆ ಆಗವಲ್ದು, ಇನ್ನಿಬ್ಬರನ ಕರಕೊಂಡೇನಿ. ಬ್ಯಾಡ ಅಂದವರ ಈಗ ಹಿಟ್ಟ ಬೀಸಿ ಕೊಡಾಕತ್ತಾರ!"

"ಖೋಲಿ ಇರ್ಲಿ!" ಎಂದರು ಅಧ್ಯಕ್ಷರು. "ಹಿರೇಮಠ, ನಿನ್ನ ಹಂಡೆ ನಿನ್ನ ಮನ್ಯಾಗ ಇಟ್ಕೋ." ಚಪ್ಪಾಳೆ ಬಿತ್ತು. ಹಿರೇಮಠರೇ ಬಂದು, "ಕಣ್ಣ ಮುಚ್ಚಿ ಕೇಳೋದೂ ಒಂದ ವಿದ್ಯಾನ ಬಿಡ್ರಿ ಅಕ್ಕಾರ" ಎಂದು ಕೈಮುಗಿದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ಎತ್ತಲು ಧೈರ್ಯವಿರಲಿಲ್ಲ.

ಹೊರಗೆ ಬಂದವಳೇ ಯಲ್ಲವ್ವನ ಕೈ ಹಿಡಿದೆ. "ಯಲ್ಲವ್ವ, ತಪ್ಪ ತಿಳ್ಕೋಬ್ಯಾಡ. ಅವತ್ತ ನನಗ ಖರೇನ ನಿದ್ದಿ ಹತ್ತಿತ್ತು. ನೀ ಹೇಳಿದ್ದು ಒಂದ ಅಕ್ಷರ ಕಿವಿಗೆ ಬಿದ್ದಿಲ್ಲ. ಗೋಣ ಹಾಕಿದ್ದೂ ನಿದ್ದಿಗಣ್ಣಾಗ."

ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದಳು. "ಗೊತ್ತೈತಲ್ರಿ ಬಾಯಾರ! ನೀವು ಮಲ್ಕೊಂಡೀರಿ ಅಂತನ ಹೇಳಿದ್ನಿ. ಎಚ್ಚರ ಇದ್ದಾಗ ನೀವು ಹಂಗ ದಿಟ್ಟಿಸಿ ನೋಡತೀರಿ, ನಮಗ ಅಂಜಿಕಿ ಬರತೈತಿ. ಇದ್ದ ಮಾತೂ ಮರತ ಹೋಗತೈತಿ."

"ಮತ್ತ ನನ್ನ ಗೋಣ ನೋಡಿ ಕೆಲಸ ಬಿಟ್ಟಿ?"

"ಮನಸಿನಾಗ ಮದ್ಲ ಗಟ್ಟಿ ಮಾಡಿದ್ನಿರಿ. ಯಾರರ ಒಬ್ಬರು ಹೂಂ ಅನ್ನೋದ ಬೇಕಾಗಿತ್ತು. ಮನ್ಯಾಗ ಯಾರೂ ಅನ್ನಲಿಲ್ಲ. ನೀವು ಮಲ್ಕೊಂಡಾದರೂ ಅಂದ್ರಿ."

ಎರಡು ವರ್ಷ ಕಲಿತ ಕರುಣಾಪೂರ್ಣ ನೋಟ, ಮೃದು ದನಿ, ಮುಂದಕ್ಕೆ ಬಾಗಿ ಕೂರುವ ಭಂಗಿ, ಒಂದೂ ಉಪಯೋಗಕ್ಕೆ ಬರಲಿಲ್ಲ. ನನ್ನ ವೃತ್ತಿಜೀವನದ ಏಕೈಕ ಗೆಲುವು ನಡೆದಾಗ ನಾನು ಸ್ಥಳದಲ್ಲಿರಲಿಲ್ಲ!

ಮುಂದಿನ ಭಾನುವಾರ ಉಳಿದವರೆಲ್ಲ ಮಲಗಿದ ಮೇಲೆ ಮತ್ತೊಬ್ಬಾಕೆ ಮೆಲ್ಲಗೆ ನನ್ನ ಕುರ್ಚಿಯ ಹತ್ತಿರ ಸರಿದಳು. "ಬಾಯಾರ, ನನ್ನದೂ ಒಂದ ಮಾತೈತಿ. ಖರೇ ಮಲ್ಕೋಬ್ಯಾಡ್ರಿ, ಮಲ್ಕೊಂಡಂಗ ಮಾಡ್ರಿ. ಹೇಳಾಕ ಸಲೀಸ ಆಗತೈತಿ." ನಾನು ಕಣ್ಣು ಮುಚ್ಚಿದೆ. ಅವಳು ಹೇಳಿದಳು. ಏನು ಹೇಳಿದಳೆಂಬುದನ್ನು ಬರೆಯುವಂತಿಲ್ಲ. ಮುಚ್ಚಿದ ಕಣ್ಣಿನಿಂದಲೂ ನೀರು ಬರುತ್ತದೆ ಎಂಬುದು ಅವತ್ತು ಗೊತ್ತಾಯಿತು.

ಈಗ ಅದೇ ನನ್ನ ವೃತ್ತಿ. ಗೋಣು ಅಲ್ಲಾಡದ ಹಾಗೆ ಬಿಗಿಹಿಡಿದು, ಎಚ್ಚರವಿರುವುದು ಯಾರಿಗೂ ಗೊತ್ತಾಗದಂತೆ ಕೂರುತ್ತೇನೆ. ಗೊರಕೆಯೊಂದು ಮಾತ್ರ ಸಹಜವಾಗಿ ಬರುತ್ತಿಲ್ಲ. ಮೊನ್ನೆ ಸೋಫಾದ ಮೇಲೆ ಕೂತು ಅಭ್ಯಾಸ ಮಾಡುತ್ತಿದ್ದೆ. ನಮ್ಮವರು ಪೇಪರಿನಿಂದ ತಲೆಯೆತ್ತಿ ಅನುಕಂಪದಿಂದ ನೋಡಿದರು.

"ಇದಕ್ಕ ಯಾಕ ಇಷ್ಟ ತ್ರಾಸ ತಗೋತಿ? ದಿನಾ ಮಾಡೋದನ್ನ ಅಲ್ಲೂ ಮಾಡು. ನಿನಗ ಖರೇ ಖರೇ ಬರೋ ವಿದ್ಯಾ ಅಂದ್ರ ಅದೊಂದ!"